ಬನ್ನಿಮಂಟಪದ ಹಳೇ ಕಾರು ಮೇಸ್ತ್ರಿ: ನಮ್ಮ ಅಂಬಾಸಿಡರ್ ಜರ್ಕ್ ಹೊಡೆಯೋದು ಕೊನೆಗೂ ನಿಂತಿತು

ಮೈಸೂರಿನಲ್ಲೋ ಮಂಡ್ಯದಲ್ಲೋ ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡು, ಜರ್ಕ್ ಹೊಡೆಯುತ್ತೆ, ಎಳೆಯಲ್ಲ, ಬಿಸಿಯಾಗುತ್ತೆ, ಐಡ್ಲಿಂಗ್‌ನಲ್ಲಿ (ಗಾಡಿ ನಿಂತಾಗ) ಇಂಜಿನ್ ಸಮನಾಗಿ ಓಡಲ್ಲ ಅಂತ ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತಿದ್ದರೆ ಇದನ್ನು ಪೂರ್ತಿ ಓದಿ. ಬನ್ನಿಮಂಟಪದ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ಒಂದು ಪುಟ್ಟ ಶೆಡ್ ಇದೆ. ಬೋರ್ಡ್ ಇಲ್ಲ. ವಯಸ್ಸಾದ ಮೇಸ್ತ್ರಿ ಒಬ್ಬರು, ಜೊತೆಗೆ ಒಬ್ಬ ಹುಡುಗ, ಅಷ್ಟೇ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ), ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವ ಸೆಳೆತ) ಈ ಎರಡು ವಿಚಾರದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡುವವರನ್ನು ನಾನು ಈ ಊರಿನಲ್ಲಿ ಬೇರೆ ಎಲ್ಲೂ ನೋಡಿಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಗಾಡಿ ಬಗ್ಗೆ. ನಮ್ಮದು 1984ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್. ಮಾವನವರು ತಗೊಂಡಿದ್ದು, ಈಗ ಓಡಿಸೋದು ನಾನು. ಇಂಜಿನ್ 1489 ಸಿಸಿ, ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ ಸೀರೀಸ್. ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಿಗೂ ಮೊದಲು ಹಾಕುತ್ತಿದ್ದಿದ್ದು ಇದೇ 1489 ಸಿಸಿ ಇಂಜಿನ್. ಅಂದರೆ ಇಂಜಿನ್‌ನಲ್ಲಿ ದೋಷ ಇಲ್ಲ, ತಿಳಿದವರು ಸಿಗೋದೇ ಕಷ್ಟ. ಹಿಂದೂಸ್ತಾನ್ ಮೋಟರ್ಸ್ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ, ಆದರೆ ಪೆಟ್ರೋಲ್ ಅಂಬಾಸಿಡರ್ ಕೆಲಸ ಗೊತ್ತಿರುವವರು ಅದಕ್ಕೂ ಎಷ್ಟೋ ಮುಂಚೆಯೇ ಕಡಿಮೆಯಾಗಿದ್ದರು. ಟ್ಯಾಕ್ಸಿಗೆ ಓಡುತ್ತಿದ್ದ ಗಾಡಿಗಳೆಲ್ಲ ಹೆಚ್ಚುಕಡಿಮೆ ಡೀಸೆಲ್ ಅಲ್ವಾ, ಅದರಲ್ಲಿ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್ ಇಲ್ಲ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇಲ್ಲ. ಡೀಸೆಲ್‌ನಲ್ಲಿ ಪಳಗಿದ ಕೈಗೆ ಇದು ಬೇರೆಯದೇ ಕೆಲಸ.

ತೊಂದರೆ ಶುರುವಾಗಿದ್ದು ಹೀಗೆ. ಶ್ರೀರಂಗಪಟ್ಟಣದ ಕಡೆಗೆ ಆರಾಮಾಗಿ ಐವತ್ತು ಅರವತ್ತರಲ್ಲಿ ಹೋಗುತ್ತಿದ್ದರೆ ಗಾಡಿ ಜರ್ಕ್ ಹೊಡೆಯುತ್ತಿತ್ತು. ಕಾಲು ಪೂರ್ತಿ ಒತ್ತಿದರೆ ಸರಿಯಾಗಿ ಎಳೆಯುತ್ತಿತ್ತು. ನಿಂತಲ್ಲಿ ರೇಸ್ ಕೊಟ್ಟರೂ ಏನೂ ಇಲ್ಲ. ಮೊದಲು ತೋರಿಸಿದ ಕಡೆ ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕಾರ್ಬುರೇಟರ್ ಕಿಟ್ ಹಾಕಿದರು. ಏನೂ ಆಗಲಿಲ್ಲ. ಕೊನೆಗೆ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿದರು, ಜರ್ಕ್ ನಿಂತುಹೋಯಿತು. ಪೈಪಿನ ಬಾಯಿಗೆ ಒಂದು ಸ್ಕ್ರೂ ತುರುಕಿ, ಈ ಗಾಡಿಗೆ ಇದು ಬೇಕಾಗಿಲ್ಲ ಅಂತ ಹೇಳಿ ಕಳಿಸಿದರು.

ಬೇಕಾಗಿತ್ತು. ಗಾಡಿ ಮಂಕಾಯಿತು, ಪೆಟ್ರೋಲ್ ಕುಡಿಯೋದು ಜಾಸ್ತಿಯಾಯಿತು. ಇನ್ನೊಂದು ಗ್ಯಾರೇಜಿನಲ್ಲಿ ಪಿಕಪ್ ಬರಲಿ ಅಂತ ಕಿವಿಯಲ್ಲಿ ಕೇಳಿಕೊಂಡೇ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿದರು, ಅಂದರೆ ಕಿಡಿ ಬೇಗ ಹಾರುವ ಹಾಗೆ ಮಾಡಿದರು. ಪಿಕಪ್ ಬಂತು, ಆದರೆ ಚಾಮುಂಡಿ ಬೆಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಕಣಕಣ ಅಂತ ನಾಕಿಂಗ್. ಹಾಗೇ ಬಿಟ್ಟರೆ ಪಿಸ್ಟನ್ ಹೋಗುತ್ತೆ. ಮತ್ತೊಬ್ಬರು ಅದನ್ನು ಹಿಂದಕ್ಕೆ, ಬೇಕಾದ್ದಕ್ಕಿಂತ ಜಾಸ್ತಿ ಹಿಂದಕ್ಕೆ ತಿರುಗಿಸಿದರು. ಈಗ ನಾಕಿಂಗ್ ಇಲ್ಲ, ಆದರೆ ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಐಡ್ಲಿಂಗ್ ಆಡುತ್ತಿತ್ತು, ಅದಕ್ಕೆ ಐಡ್ಲಿಂಗ್ ಸ್ಕ್ರೂ ಬಿಗಿ ಮಾಡಿ 1,100 ಆರ್‌ಪಿಎಂಗೆ ಏರಿಸಿಟ್ಟರು. ಯಾರೂ ಒಂದು ಅಳತೆಯನ್ನೂ ನೋಡಲಿಲ್ಲ ಅನ್ನೋದೇ ನನಗೆ ಸಿಟ್ಟು ಬರಿಸಿದ್ದು. ಜೊತೆಗೆ, ಗಾಡಿ ಓಡಿಸಿಕೊಂಡು ಬಂದವಳು ನಾನು, ಆದರೆ ಇವರೆಲ್ಲ ಮಾತಾಡಿದ್ದು ಪಕ್ಕದಲ್ಲಿ ನಿಂತಿದ್ದ ಮೈದುನನ ಜೊತೆ. ಅವನಿಗೆ ಡ್ರೈವಿಂಗೇ ಬರಲ್ಲ.

ಬನ್ನಿಮಂಟಪದ ಮೇಸ್ತ್ರಿ ಹತ್ತಿರ ಹೋದಾಗ ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು ಇದು: "ಓಡಿಸೋದು ಯಾರು?" ನಾನು ಅಂದೆ. "ಹಾಗಾದರೆ ನೀವು ಹೇಳಿ ಅಮ್ಮ. ಜರ್ಕ್ ಬರುತ್ತಿದ್ದಿದ್ದು ಅರ್ಧ ಎಕ್ಸಲೇಟರ್‌ನಲ್ಲೋ, ಪೂರ್ತಿ ಒತ್ತಿದಾಗಲೋ? ಗಾಡಿ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?" ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡರು. ಪೈಪ್ ಕಿತ್ತಾಗ ಜರ್ಕ್ ನಿಂತಿತು ಅಂತ ಹೇಳಿದ ತಕ್ಷಣ ಹುಡುಗನ ಕಡೆ ತಿರುಗಿ, ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗಿ, ಒಳಗಿನ ಅರ್ಥ್ ವೈರ್ ನೋಡು ಅಂದರು. ಗಾಡಿಗೆ ಇನ್ನೂ ಕೈ ಹಾಕಿರಲಿಲ್ಲ.

ಯಾಕೆ ಹಾಗಂದರು ಅಂತ ವಿವರಿಸುತ್ತೇನೆ, ಯಾಕೆಂದರೆ ಈ ಒಂದು ದೋಷ ಎಷ್ಟೋ ಹಳೇ ಗಾಡಿಗಳಲ್ಲಿದೆ, ಕಣ್ಣಿಗೆ ಮಾತ್ರ ಬೀಳಲ್ಲ.

ಸಿಲಿಂಡರಿನಲ್ಲಿ ಕಿಡಿ ಯಾವಾಗ ಹಾರಬೇಕು ಅನ್ನೋದೇ ಟೈಮಿಂಗ್. ಪಿಸ್ಟನ್ ಮೇಲಕ್ಕೆ ಬರುವ ಸ್ವಲ್ಪ ಮೊದಲೇ ಕಿಡಿ ಹಾರಬೇಕು, ಯಾಕೆಂದರೆ ಪೆಟ್ರೋಲ್ ಉರಿಯೋಕೆ ಸಮಯ ಬೇಕು. ಸ್ಪೀಡ್ ಹೆಚ್ಚಾದಷ್ಟೂ ಇನ್ನೂ ಬೇಗ ಹಾರಬೇಕು, ಅದನ್ನು ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ತೂಕಗಳು, ಎರಡು ಸ್ಪ್ರಿಂಗ್ ನೋಡಿಕೊಳ್ಳುತ್ತವೆ. ಇನ್ನೊಂದು ಇದೆ. ಕಾಲು ಹಗುರವಾಗಿ ಇಟ್ಟುಕೊಂಡು ಹೋಗುವಾಗ ಸಿಲಿಂಡರಿಗೆ ಹೋಗುವ ಗಾಳಿ, ಪೆಟ್ರೋಲ್ ಎರಡೂ ಕಡಿಮೆ, ಅದು ನಿಧಾನವಾಗಿ ಉರಿಯುತ್ತೆ. ಆಗ ಕಿಡಿ ಮತ್ತಷ್ಟು ಬೇಗ ಬೇಕು. ಅದಕ್ಕೇ ವ್ಯಾಕ್ಯೂಮ್ ಪೈಪ್. ಕಾರ್ಬುರೇಟರಿನಿಂದ ಬರುವ ಸೆಳೆತ ಡಿಸ್ಟ್ರಿಬ್ಯೂಟರ್ ಪಕ್ಕದ ಡಬ್ಬಿಯೊಳಗಿನ ಡಯಾಫ್ರಮ್ ಎಳೆಯುತ್ತೆ, ಅದು ಪಾಯಿಂಟ್ ಕೂತಿರುವ ಪ್ಲೇಟನ್ನು ಸ್ವಲ್ಪ ತಿರುಗಿಸುತ್ತೆ. ಕಾಲು ಪೂರ್ತಿ ಒತ್ತಿದರೆ ಸೆಳೆತ ಹೋಗುತ್ತೆ, ಪ್ಲೇಟ್ ವಾಪಸ್ ಬರುತ್ತೆ.

ಆ ಪ್ಲೇಟ್ ಅಲ್ಲಾಡುವುದರಿಂದ ಅದಕ್ಕೂ ಡಿಸ್ಟ್ರಿಬ್ಯೂಟರ್ ಬಾಡಿಗೂ ನಡುವೆ ಒಂದು ಪುಟ್ಟ ಅರ್ಥ್ ವೈರ್ ಕೊಟ್ಟಿರುತ್ತಾರೆ. ನೂಲು ಸುತ್ತಿದ, ಒಂದೂವರೆ ಇಂಚೂ ಇಲ್ಲದ ವೈರ್. ವರ್ಷಗಟ್ಟಲೆ ಅತ್ತ ಇತ್ತ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಹೊರಗಿನ ನೂಲು ಮಾತ್ರ ಹಾಗೇ ಇರುತ್ತೆ, ನೋಡಿದರೆ ಏನೂ ಆಗಿಲ್ಲ ಅನಿಸುತ್ತೆ. ಮೇಸ್ತ್ರಿ ಮೀಟರ್ ಹಿಡಿದು ತೋರಿಸಿದರು. ಪ್ಲೇಟ್ ಸುಮ್ಮನಿದ್ದಾಗ ಅರ್ಥ್ ಇತ್ತು. ಬೆರಳಿನಿಂದ ಪ್ಲೇಟ್ ತಿರುಗಿಸಿದರೆ ಮೀಟರ್ ಸೊನ್ನೆಗೆ ನಿಲ್ಲದೆ ಕುಣಿಯುತ್ತಿತ್ತು. ಆ ವೈರನ್ನು ಕತ್ತರಿಸಿ ನನ್ನ ಅಂಗೈ ಮೇಲಿಟ್ಟರು. ಎರಡು ತುದಿ ಹಿಡಿದು ಎಳೆದರೆ ಸುಮ್ನೆ ಉದ್ದವಾಗುತ್ತಿತ್ತು, ಒಳಗೆ ಹಿಡಿದುಕೊಂಡಿದ್ದು ಎರಡೋ ಮೂರೋ ಎಳೆ. ಹಾಗಾಗಿಯೇ ಅರ್ಧ ಎಕ್ಸಲೇಟರ್‌ನಲ್ಲಿ, ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗ ಮಾತ್ರ ಕಿಡಿ ತಪ್ಪುತ್ತಿತ್ತು. ಪೂರ್ತಿ ಒತ್ತಿದರೆ ಸರಿಯಾಗುತ್ತಿತ್ತು. ಪೈಪ್ ಕಿತ್ತರೆ ಪ್ಲೇಟ್ ಅಲ್ಲಾಡಲ್ಲ, ಜರ್ಕ್ ಇಲ್ಲ. ಅಷ್ಟೆಲ್ಲ ದುಡ್ಡು ಖರ್ಚು ಮಾಡಿಸಿದ್ದು ಈ ವೈರ್. ಮೆತ್ತನೆಯ ಬಹಳ ಎಳೆಯ ವೈರ್ ಒಂದನ್ನು ಅಳತೆಗೆ ಕತ್ತರಿಸಿ ಬೆಸುಗೆ ಹಾಕಿ ಕೂರಿಸಿದರು, ಅದಕ್ಕೆ ಬೇರೆ ದುಡ್ಡು ತಗೊಳ್ಳಲೇ ಇಲ್ಲ.

ಇಷ್ಟಕ್ಕೇ ಪೈಪ್ ಸಿಕ್ಕಿಸಿ ಕಳಿಸಬಹುದಿತ್ತು. ಬೇರೆಯವರಾಗಿದ್ದರೆ ಕಳಿಸುತ್ತಿದ್ದರು. ಇವರು ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ತೆಗೆದು ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು, ಅಲ್ಲಾಡಿತು. ಬುಷ್ ಸವೆದಿದೆ. ಶಾಫ್ಟ್ ಹೀಗೆ ಆಡಿದರೆ ಪಾಯಿಂಟ್ ಗ್ಯಾಪ್ ಒಂದೊಂದು ಸಿಲಿಂಡರಿಗೆ ಒಂದೊಂದು ಥರ ಆಗುತ್ತೆ, ಟೈಮಿಂಗ್ ಕೂಡ. ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದು ತೋರಿಸಿದಾಗ ನನಗೇ ಕಂಡಿತು. ಪುಲ್ಲಿ ಮೇಲಿನ ಗೀಟಿಗೆ ಚಾಕ್‌ಪೀಸ್ ಹಚ್ಚಿದ್ದರು, ಅದು ಒಂದೇ ಜಾಗದಲ್ಲಿ ನಿಲ್ಲಬೇಕಿತ್ತು, ಬದಲಿಗೆ ಹಿಂದೆ ಮುಂದೆ ಹಾರುತ್ತಿತ್ತು. ಇಂಥ ಗಾಡಿಗೆ ಟೈಮಿಂಗ್ ಇಟ್ಟು ಏನು ಪ್ರಯೋಜನ, ಅಲ್ವಾ? ಡಿಸ್ಟ್ರಿಬ್ಯೂಟರ್ ಬಿಚ್ಚಿ, ಅದೇ ರಸ್ತೆಯ ಲೇತ್ ಅಂಗಡಿಯಲ್ಲಿ ಹೊಸ ಬ್ರಾಂಜ್ ಬುಷ್ ಕಡೆಸಿ ಹಾಕಿಸಿದರು. ತೂಕಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಂದೊಂದು ಹನಿ ಎಣ್ಣೆ ಬಿಟ್ಟರು.

ಆಮೇಲೆ ಪಾಯಿಂಟ್ ಗ್ಯಾಪ್. ಹದಿನೈದು ತೌ (ಒಂದು ತೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಫೀಲರ್, ಅಂದರೆ ಸುಮಾರು 0.38 ಮಿ.ಮೀ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ, ಇದು ಅವರ ಕಟ್ಟುನಿಟ್ಟು. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆದುಕೊಳ್ಳುತ್ತೆ, ಟೈಮಿಂಗ್ ಅಡ್ವಾನ್ಸ್ ಆಗುತ್ತೆ. ಚಿಕ್ಕದಾದರೆ ರಿಟಾರ್ಡ್, ಅಂದರೆ ತಡ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಮುಟ್ಟಿದರೆ ಇಟ್ಟಿದ್ದೆಲ್ಲ ಹಾಳು. ಪಾಯಿಂಟಿನ ಹಿಮ್ಮಡಿ ಕ್ಯಾಮ್ ಮೇಲೆ ಉಜ್ಜಿ ಉಜ್ಜಿ ಸವೆಯುವುದರಿಂದ ಓಡಿಸುತ್ತಾ ಹೋದ ಹಾಗೆ ಗ್ಯಾಪ್ ತಾನಾಗಿಯೇ ಚಿಕ್ಕದಾಗುತ್ತೆ, ಗಾಡಿ ನಿಧಾನಕ್ಕೆ ಮಂಕಾಗುತ್ತೆ, ಓಡಿಸುವವರಿಗೆ ಗೊತ್ತೇ ಆಗಲ್ಲ. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಹಚ್ಚಿದರೆ ಅದು ತಡವಾಗುತ್ತೆ. ಜಾಸ್ತಿ ಹಚ್ಚಿದರೆ ಅದೇ ಹಾರಿ ಪಾಯಿಂಟ್ ಮೇಲೆ ಕೂತು ಸುಡುತ್ತೆ.

ಟೈಮಿಂಗ್ ಮೊದಲು ಬಲ್ಬ್‌ನಲ್ಲಿ ಇಟ್ಟರು. ಟೆಸ್ಟ್ ಲ್ಯಾಂಪಿನ ಒಂದು ತುದಿ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರಿಗೆ, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ, ಇಂಜಿನ್ನನ್ನು ಅದು ಓಡುವ ದಿಕ್ಕಿನಲ್ಲೇ ಕೈಯಲ್ಲಿ ತಿರುಗಿಸಿ ಗೀಟಿಗೆ ತಂದು, ಡಿಸ್ಟ್ರಿಬ್ಯೂಟರ್ ನಿಧಾನ ತಿರುಗಿಸುತ್ತಾ ಬಂದರೆ ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತೆ. ಅಲ್ಲಿಗೆ ಬಿಗಿ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ, ಮನೆಯಲ್ಲೇ ಮಾಡಬಹುದು. ಒಂದೇ ಎಚ್ಚರಿಕೆ, ಕೀ ಆನ್ ಇಟ್ಟು ಮರೆತರೆ ಕಾಯಿಲ್ ಬಿಸಿಯಾಗಿ ಹಾಳಾಗುತ್ತೆ. ಪ್ಲಗ್ ವೈರ್ ಕಿತ್ತವರಿಗೆ ಇನ್ನೊಂದು ಮಾತು: ಈ ಇಂಜಿನ್‌ನಲ್ಲಿ ಫೈರಿಂಗ್ ಆರ್ಡರ್ 1-3-4-2, ರೋಟರ್ ತಿರುಗೋದು ಗಡಿಯಾರದ ಉಲ್ಟಾ ದಿಕ್ಕಿಗೆ. ಎಷ್ಟೋ ಜನ ಇಲ್ಲೇ ಎಡವೋದು.

ಇನ್ನು ವ್ಯಾಕ್ಯೂಮ್. ಈ ಗ್ಯಾರೇಜಿಗೆ ಹೋಗಲೇಬೇಕು ಅಂತ ನಾನು ಹೇಳೋದು ಮುಖ್ಯವಾಗಿ ಇದಕ್ಕೇ. ಇವರ ಹತ್ತಿರ ವ್ಯಾಕ್ಯೂಮ್ ಗೇಜ್ ಇದೆ, ಅದನ್ನು ಓದೋಕೆ ಬರುತ್ತೆ. ಕಾರ್ಬುರೇಟರಿನಿಂದ ಇಂಜಿನ್‌ಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಮುಚ್ಚಿದ್ದ ಒಂದು ಬೋಲ್ಟ್ ಬಿಚ್ಚಿ ಅಲ್ಲಿಗೆ ಗೇಜ್ ಕೊಟ್ಟರು. ಡಿಸ್ಟ್ರಿಬ್ಯೂಟರ್ ಪೈಪಿಗೆ ಯಾಕೆ ಕೊಡಲಿಲ್ಲ ಅಂತ ಕೇಳಿದೆ. ಆ ಪೈಪಿನ ತೂತು ಕಾರ್ಬುರೇಟರಿನ ಥ್ರಾಟಲ್ ತಟ್ಟೆಯ ಅಂಚಿಗೆ ಸ್ವಲ್ಪ ಮೇಲಿದೆ, ಐಡ್ಲಿಂಗ್‌ನಲ್ಲಿ ತಟ್ಟೆ ಮುಚ್ಚಿರುವಾಗ ಅಲ್ಲಿ ಸೆಳೆತ ಇರಲ್ಲ, ಇರಲೂಬಾರದು ಅಂದರು.

ಗೇಜ್‌ನಲ್ಲಿ ಬಂದಿದ್ದು 12 ಇಂಚು (ಪಾದರಸದ ಲೆಕ್ಕ). ಮುಳ್ಳು ಹೆಚ್ಚು ಅಲ್ಲಾಡದೆ ಅಲ್ಲೇ ನಿಂತಿತ್ತು. ಪುಸ್ತಕಗಳಲ್ಲಿ ಒಳ್ಳೆ ಇಂಜಿನ್‌ಗೆ 17ರಿಂದ 21 ಅಂತ ಬರೆದಿರುತ್ತೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿ ಮೇಲೆ ಹೋದ ಹಾಗೆ ಹೆಚ್ಚುಕಡಿಮೆ ಒಂದು ಇಂಚು ಕಡಿಮೆಯಾಗುತ್ತೆ. ಮೈಸೂರು ಇರೋದು ಸುಮಾರು 2,500 ಅಡಿ ಎತ್ತರದಲ್ಲಿ. ಹಾಗಾಗಿ ಇಲ್ಲಿ 15, 16 ಬಂದರೂ ಸರಿಯೇ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಇಂಜಿನ್ ಬಿಚ್ಚಿಸುವವರೂ ಇದ್ದಾರೆ ಅಂತ ಮೇಸ್ತ್ರಿ ಹೇಳಿದರು. ಮುಳ್ಳು ಪಟಪಟ ಹೊಡೆದುಕೊಂಡರೆ ವಾಲ್ವ್ ಕಡೆ ಅನುಮಾನ ಪಡಬೇಕು, ನಿಧಾನಕ್ಕೆ ತೇಲಾಡಿದರೆ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ), ಕೆಳಗಿದ್ದು ನಿಶ್ಚಲವಾಗಿದ್ದರೆ ಒಂದೋ ಟೈಮಿಂಗ್ ತಡ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಟೈಮಿಂಗ್ ಈಗಷ್ಟೇ ಇಟ್ಟಾಗಿದೆ. ಹಾಗಾದರೆ ಗಾಳಿ.

ಗಾಳಿ ಎಲ್ಲಿಂದ ಅಂತ ಹುಡುಕೋಕೆ ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ. ಈ ಇಂಜಿನ್‌ನಲ್ಲಿ ಅದು ಅಪಾಯ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಮ್ಯಾನಿಫೋಲ್ಡ್ ಒಂದೇ ಪಕ್ಕದಲ್ಲಿವೆ, ಪೆಟ್ರೋಲ್ ನೇರ ಸುಡುವ ಎಕ್ಸಾಸ್ಟ್ ಮೇಲೆ ಬೀಳುತ್ತೆ. ಇವರು ತಗೊಂಡಿದ್ದು ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಸುತ್ತ ಚಿಮುಕಿಸಿದರು, ಏನೂ ಬದಲಾಗಲಿಲ್ಲ. ಥ್ರಾಟಲ್ ಸ್ಪಿಂಡಲ್ ತುದಿಗೆ ಚಿಮುಕಿಸಿದರು, ಚೂರು ಬದಲಾಯಿತು. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್‌ಗೆ ಕೂರುವ ಜಾಗಕ್ಕೆ, ಹಿಂದಿನ ಪೋರ್ಟ್ ಹತ್ತಿರ ಚಿಮುಕಿಸಿದ ತಕ್ಷಣ ಇಂಜಿನ್ ಸದ್ದೇ ಬೇರೆಯಾಯಿತು. ನೀರು ಸಂದಿಯೊಳಗೆ ಎಳೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಗೇಜಿನ ಮುಳ್ಳು ಎರಡು ಇಂಚು ಮೇಲೆದ್ದು ಮತ್ತೆ ಇಳಿಯಿತು.

ಗ್ಯಾಸ್ಕೆಟ್ ಬದಲಾಯಿಸಿ ಬಿಗಿ ಮಾಡಿದರೆ ಆಯಿತು ಅಂತ ನಾನಂದುಕೊಂಡೆ. ಅವರು ಬಿಚ್ಚಿ ಸ್ಟಡ್‌ಗಳ ದಪ್ಪ ವಾಷರ್ ತೋರಿಸಿದರು. ಒಂದೇ ವಾಷರ್ ಅರ್ಧ ಇನ್‌ಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯಬೇಕು. ನಮ್ಮ ಗಾಡಿಗೆ ಹಿಂದೆ ಯಾವಾಗಲೋ ಬೇರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕಿದ್ದಾರೆ, ಅದರ ಅಂಚು ದಪ್ಪ. ನಟ್ ಎಷ್ಟು ಬಿಗಿ ಮಾಡಿದರೂ ವಾಷರ್ ಎಕ್ಸಾಸ್ಟ್ ಮೇಲೆ ಕೂತು ವಾಲುತ್ತೆ, ಇನ್‌ಟೇಕ್ ಹಿಡಿತಕ್ಕೆ ಸಿಗಲ್ಲ. ಹೊಸ ಗ್ಯಾಸ್ಕೆಟ್ ಹಾಕಿದರೂ ಮತ್ತೆ ಅದೇ ಕಥೆ. ಆ ವ್ಯತ್ಯಾಸವನ್ನು ಕ್ಯಾಲಿಪರ್‌ನಲ್ಲಿ ಅಳೆದು, ವಾಷರ್‌ಗಳಿಗೆ ಒಂದು ಪಕ್ಕ ಅಷ್ಟೇ ಮೆಟ್ಟಿಲು ತೆಗೆಸಿದರು. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ ಮೇಲೆ ಗೇಜ್ 15 ದಾಟಿತು. ಈ ವಾಷರ್ ಕೆಲಸ ನೋಡಿದಾಗಲೇ ನನಗೆ ಇವರ ಮೇಲೆ ಪೂರ್ತಿ ನಂಬಿಕೆ ಬಂದಿದ್ದು.

ಟೈಮಿಂಗ್, ವ್ಯಾಕ್ಯೂಮ್ ಎರಡನ್ನೂ ಒಟ್ಟಿಗೇ ನೋಡಬೇಕು ಅಂತ ನನಗೆ ಅರ್ಥವಾಗಿದ್ದೂ ಇಲ್ಲೇ. ಗಾಳಿ ಲೀಕ್ ಇದ್ದರೆ ಐಡ್ಲಿಂಗ್ ನಿಲ್ಲಲ್ಲ. ನಿಲ್ಲಲಿ ಅಂತ ಸ್ಕ್ರೂ ತಿರುಗಿಸಿ 1,100ಕ್ಕೆ ಏರಿಸುತ್ತಾರೆ. ಅಷ್ಟು ಸ್ಪೀಡಿಗೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಆಗಲೇ ಅಡ್ವಾನ್ಸ್ ಕೊಡೋಕೆ ಶುರು ಮಾಡಿರುತ್ತವೆ, ಥ್ರಾಟಲ್ ತಟ್ಟೆಯೂ ತೆರೆದು ಪೈಪಿನಲ್ಲಿ ಸೆಳೆತ ಬಂದಿರುತ್ತೆ. ಆ ಸ್ಥಿತಿಯಲ್ಲಿ ಲೈಟ್ ಹಿಡಿದು ಟೈಮಿಂಗ್ ಸರಿಯಿದೆ ಅಂದರೆ ನಿಜವಾಗಿ ಅದು ತಡ ಇರುತ್ತೆ. ಟೈಮಿಂಗ್ ತಡ ಇದ್ದರೆ ಪೆಟ್ರೋಲ್ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸುಡುತ್ತೆ, ರೇಡಿಯೇಟರ್ ಬಿಸಿಯಾಗುತ್ತೆ. ಆಮೇಲೆ ರೇಡಿಯೇಟರ್ ತೊಳೆಸಿ ಅಂತಾರೆ! ನಮಗೂ ಹೇಳಿದ್ದರು.

ಹಾಗಾಗಿ ಇವರು ಲೀಕ್ ಮುಚ್ಚಿ, ಐಡ್ಲಿಂಗ್ 700ರ ಹತ್ತಿರಕ್ಕೆ ಇಳಿಸಿ, ವ್ಯಾಕ್ಯೂಮ್ ಪೈಪ್ ಕಿತ್ತು ಕಾರ್ಬುರೇಟರ್ ಕಡೆಯ ತೂತು ಮುಚ್ಚಿ, ಮತ್ತೊಮ್ಮೆ ಲೈಟ್ ಹಿಡಿದು ಟೈಮಿಂಗ್ ನೋಡಿದರು. ಈಗ ಚಾಕ್‌ಪೀಸ್ ಗೀಟು ಒಂದೇ ಕಡೆ ನಿಂತಿತ್ತು. ರೇಸ್ ಕೊಟ್ಟರೆ ಸರಾಗವಾಗಿ ಮುಂದಕ್ಕೆ ಸರಿದು, ಬಿಟ್ಟರೆ ಅದೇ ಜಾಗಕ್ಕೆ ಬರುತ್ತಿತ್ತು. ಲೈಟನ್ನು ನನ್ನ ಕೈಗೇ ಕೊಟ್ಟು ನೀವೇ ನೋಡಿ ಅಮ್ಮ ಅಂದರು. ಇದು ನನಗೆ ತುಂಬಾ ಇಷ್ಟವಾಯಿತು. ಸಣ್ಣ ವ್ಯತ್ಯಾಸಕ್ಕೆ ಡಿಸ್ಟ್ರಿಬ್ಯೂಟರ್ ಪಕ್ಕದ ಗೀರು ಹಾಕಿದ ಪುಟ್ಟ ನಟ್ ಇದೆ, ಒಂದು ಕಡೆ ಅಡ್ವಾನ್ಸ್, ಇನ್ನೊಂದು ಕಡೆ ರಿಟಾರ್ಡ್. ಬೆಟ್ಟ ಹತ್ತಿ ನೋಡಿ, ನಾಕಿಂಗ್ ಬಂದರೆ ಇದನ್ನು ಕೆಲವೇ ಕ್ಲಿಕ್ ಹಿಂದಕ್ಕೆ ತಿರುಗಿಸಿ, ಇಡೀ ಡಿಸ್ಟ್ರಿಬ್ಯೂಟರ್ ಮುಟ್ಟಬೇಡಿ ಅಂತ ತೋರಿಸಿಕೊಟ್ಟರು.

ಡಯಾಫ್ರಮ್ ಪರೀಕ್ಷೆ ಸುಲಭ. ಪೈಪನ್ನು ಬಾಯಿಗಿಟ್ಟು ಎಳನೀರಿನ ಸ್ಟ್ರಾ ಎಳೆದ ಹಾಗೆ ಎಳೆದು ನಾಲಿಗೆಯಲ್ಲಿ ಮುಚ್ಚಬೇಕು. ಒಳಗಿನ ಪ್ಲೇಟ್ ತಿರುಗಿ ಹಾಗೇ ನಿಂತರೆ ಡಯಾಫ್ರಮ್ ಚೆನ್ನಾಗಿದೆ. ತಕ್ಷಣ ವಾಪಸ್ ಬಂದರೆ ತೂತು. ನಮ್ಮದು ನಿಂತಿತು. ಆದರೆ ಪೈಪಿನ ಎರಡೂ ತುದಿಯ ರಬ್ಬರ್ ಸೀಳಿತ್ತು, ಹೊಸದು ಹಾಕಿದರು. ಈಗ ಬಂಕಿನಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಗಾಡಿಯ ರಬ್ಬರಿಗೆ ಎಥನಾಲ್ ಆಗಿಬರಲ್ಲ, ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಮ್ ಎಲ್ಲ ಆಗಾಗ ನೋಡಿಕೊಳ್ಳಬೇಕು. ಮಿಕ್ಸ್ಚರ್ ಕೂಡ ಅದೇ ಜೆಟ್‌ನಲ್ಲಿ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗುತ್ತೆ. ಅದಕ್ಕೆ ತಕ್ಕ ಹಾಗೆ ಕೊನೆಗೆ ಕಾರ್ಬುರೇಟರ್ ಮಿಕ್ಸ್ಚರ್ ಸ್ಕ್ರೂ ಇಟ್ಟರು. ಹೌದು, ಕಾರ್ಬುರೇಟರಿಗೆ ಕೈ ಹಾಕಿದ್ದು ಎಲ್ಲದಕ್ಕಿಂತ ಕೊನೆಗೆ. ಬೇರೆ ಕಡೆ ಎಲ್ಲರೂ ಮೊದಲು ಬಿಚ್ಚಿದ್ದೇ ಅದನ್ನು. ಗೇಜ್ ಕೊನೆಗೆ 17ಕ್ಕೆ ಬಂದು ನಿಂತಿತು.

ಈಗ ಗಾಡಿ ಹೇಗಿದೆ? ಶ್ರೀರಂಗಪಟ್ಟಣದ ರಸ್ತೆಯಲ್ಲಿ ಅರವತ್ತರಲ್ಲಿ ಕಾಲು ಹಗುರ ಇಟ್ಟು ಹೋದರೆ ಒಂದು ಜರ್ಕ್ ಇಲ್ಲ. ಚಾಮುಂಡಿ ಬೆಟ್ಟಕ್ಕೆ ನಾಲ್ಕು ಜನ ಕೂತು ಹತ್ತಿದೆವು, ನಾಕಿಂಗ್ ಇಲ್ಲ, ಮುಳ್ಳು ಏರಲಿಲ್ಲ. ಪೆಟ್ರೋಲ್ ಲೀಟರಿಗೆ ಏಳು ಕಿ.ಮೀ.ಗೆ ಇಳಿದಿದ್ದು ಈಗ ಹತ್ತರ ಹತ್ತಿರ ಕೊಡುತ್ತಿದೆ. ಮುಂದಿನ ಸೀಟಿನಲ್ಲಿ ಕೂತಿದ್ದ ಮಾವ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆಫ್ ಆಯಿತೇನಮ್ಮ ಅಂತ ಕೇಳಿದರು, ಐಡ್ಲಿಂಗ್ ಅಷ್ಟು ಮೆತ್ತಗೆ.

ದುಡ್ಡು: ಮಜೂರಿ, ಲೇತ್ ಕೆಲಸ, ಗ್ಯಾಸ್ಕೆಟ್, ಪಾಯಿಂಟ್ ಸೆಟ್, ಕಂಡೆನ್ಸರ್ ಎಲ್ಲ ಸೇರಿ 6,000ದ ಒಳಗೆ. ಮೊದಲಿನ ಗ್ಯಾರೇಜುಗಳಲ್ಲಿ ಬೇಡದ ಸಾಮಾನಿಗೇ ಇದಕ್ಕಿಂತ ಜಾಸ್ತಿ ಹೋಗಿತ್ತು. ತೆಗೆದ ಹಳೇ ಸಾಮಾನನ್ನೆಲ್ಲ ಒಂದು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ಬಿಲ್ ಕೇಳಿದರೆ ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದುಕೊಡುತ್ತಾರೆ, ಗ್ಯಾಪ್ ಎಷ್ಟು, ಗೇಜ್ ಎಷ್ಟು ಅನ್ನೋದೂ ಅದರಲ್ಲೇ. ಆ ಹಾಳೆ ಜೋಪಾನ ಮಾಡಿ, ಮುಂದಿನ ಸಲಕ್ಕೆ ಹೋಲಿಸಿ ನೋಡೋಕೆ ಬೇಕು.

ಈಗ ಆ ಅರ್ಧ ಸ್ಟಾರ್. ಕೆಲಸ ತುಂಬಾ ನಿಧಾನ. ಒಂದು ಸಲಕ್ಕೆ ಒಂದೇ ಗಾಡಿ ತಗೊಳ್ಳುತ್ತಾರೆ, ಇಂಥ ದಿನ ಕೊಡುತ್ತೇನೆ ಅಂತ ಮಾತು ಕೊಡಲ್ಲ, ಫೋನ್ ಮಾಡಿದರೆ ಎತ್ತೋದು ಅಪರೂಪ. ನಿತ್ಯ ಓಡಾಡೋಕೆ ಅದೊಂದೇ ಗಾಡಿ ಇರುವವರಿಗೆ ಇದು ನಿಜವಾಗಿ ಕಷ್ಟ. ಬದಲಿ ವ್ಯವಸ್ಥೆ ಮಾಡಿಕೊಂಡೇ ಬಿಡಿ. ಸ್ಪೇರ್ ಕೂಡ ಅವರ ಹತ್ತಿರ ಇರಲ್ಲ, ಚೀಟಿ ಬರೆದುಕೊಡುತ್ತಾರೆ, ನಾವೇ ತರಬೇಕು. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಪಾಯಿಂಟ್ ಸೆಟ್, ಕಂಡೆನ್ಸರ್ ತಗೊಳ್ಳುವಾಗ ಡೂಪ್ಲಿಕೇಟ್ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಬಹುದಾ ಅಂತ ಕೇಳಿದ್ದಕ್ಕೆ ಬೇಡವೇ ಬೇಡ ಅಂದರು. ಇದರಲ್ಲಿ ನನ್ನ ಅಭಿಪ್ರಾಯ ಬೇರೆ. ಬುಷ್ ಸರಿಯಿರುವ ಡಿಸ್ಟ್ರಿಬ್ಯೂಟರ್‌ಗೆ ಆ ಕಿಟ್ ಒಳ್ಳೆಯದೇ, ಪಾಯಿಂಟ್ ಸವೆತದ ತಲೆನೋವು ತಪ್ಪುತ್ತೆ. ಆದರೆ ದಾರಿಯಲ್ಲಿ ಕೆಟ್ಟರೆ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿ ಮನೆಗೆ ಬರಬಹುದು, ಕಿಟ್ ಕೆಟ್ಟರೆ ನಿಂತಲ್ಲೇ ನಿಲ್ಲಬೇಕು ಅನ್ನೋ ಅವರ ಮಾತಲ್ಲೂ ಹುರುಳಿದೆ.

ಡೀಸೆಲ್ ಅಂಬಾಸಿಡರ್, ಹೊಸ ಇಂಜೆಕ್ಷನ್ ಗಾಡಿಗಳವರು ಹೋಗಬೇಡಿ, ತಗೊಳ್ಳಲ್ಲ. ಪಾಯಿಂಟ್ ಇರುವ ಪೆಟ್ರೋಲ್ ಗಾಡಿ ಯಾವುದಾದರೂ ಸರಿ. ನಾನು ಹೋದಾಗ ಪಕ್ಕದಲ್ಲಿ ಮಂಡ್ಯದಿಂದ ಬಂದ ಒಂದು ಪದ್ಮಿನಿ ಕಾರು ಸರದಿಯಲ್ಲಿತ್ತು. ಬೆಳಿಗ್ಗೆ ಹತ್ತರ ಮೇಲೆ ಹೋಗಿ, ಗಾಡಿ ತಣ್ಣಗಿರುವಾಗ ತೋರಿಸೋದು ಒಳ್ಳೆಯದು. ದಸರಾ ಹೊತ್ತಿನಲ್ಲಿ ಮಾತ್ರ ಆ ಕಡೆ ಗಾಡಿ ಒಯ್ಯಬೇಡಿ, ಜಂಬೂ ಸವಾರಿ, ಪಂಜಿನ ಕವಾಯತು ಎರಡೂ ಬನ್ನಿಮಂಟಪಕ್ಕೇ ಬರುವುದರಿಂದ ರಸ್ತೆ ಬಂದ್ ಇರುತ್ತೆ. ನಮ್ಮ ಗಾಡಿಯ ಥ್ರಾಟಲ್ ಸ್ಪಿಂಡಲ್ ಬುಷ್ ಇನ್ನೂ ಬಾಕಿ ಇದೆ, ಅಲ್ಲಿಂದ ಚೂರು ಗಾಳಿ ಎಳೆಯುತ್ತಲೇ ಇದೆ. ದಸರಾ ಕಳೆದ ಮೇಲೆ ತನ್ನಿ ಅಂದಿದ್ದಾರೆ, ಅದು ಹೇಗಾಯಿತು ಅಂತ ಇಲ್ಲೇ ಸೇರಿಸುತ್ತೇನೆ.